ಬಾಡಿಗೆ ಮನೆ: ಕೈಗೆ ಉಳಿಯುವುದೆಷ್ಟು, ತೆರಿಗೆಯಲ್ಲಿ ಉಳಿಯುವುದೆಷ್ಟು

ಮಾರ್ಚ್ ತಿಂಗಳು ಬಂತೆಂದರೆ ವಿಜಯಪುರದಲ್ಲಿ ತೆರಿಗೆ ಲೆಕ್ಕ ಬರೆಯುವವರ ಮೇಜಿನ ಮುಂದೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂದು ಕೂರುತ್ತದೆ: "ಸಾಲಾ ಮಾಡಿ ಒಂದು ಮನಿ ತಗೊಂಡು ಬಾಡಿಗಿಗೆ ಬಿಟ್ರ ಟ್ಯಾಕ್ಸ್ ಪೂರಾ ಉಳೀತದಂತ್ರಿ, ಖರೇನಾ?" 2017ರ ಮಾರ್ಚ್‌ವರೆಗೆ ಈ ಪ್ರಶ್ನೆಗೆ ಬಹುಮಟ್ಟಿಗೆ ಹೌದೆಂದು ಉತ್ತರಿಸಬಹುದಿತ್ತು. ಆಮೇಲೆ ನಿಯಮಗಳು ಮೂರು ಕಡೆ ಬದಲಾದವು. ಆದರೂ ಹಳೆಯ ಉತ್ತರವೇ ಇನ್ನೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. ಮನೆ ಕೊಳ್ಳುವ ಮೊದಲು ಕಾಗದ-ಪೆನ್ನು ಹಿಡಿದು ಕೂತು ನೀವೇ ಲೆಕ್ಕ ಹಾಕಿಕೊಳ್ಳಲು ಅನುಕೂಲವಾಗಲಿ ಎಂದು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ದರಗಳು 2025-26ರ ಹಣಕಾಸು ವರ್ಷದವು. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬರುವುದರಿಂದ ಕಲಂಗಳ ಸಂಖ್ಯೆ ಬದಲಾಗುತ್ತದೆ. ಆದರೆ ಬಾಡಿಗೆಯ ಲೆಕ್ಕ ಹಾಕುವ ಕ್ರಮ ಹಾಗೆಯೇ ಇರುವುದರಿಂದ ಕಲಂ ಸಂಖ್ಯೆಗಳ ಗೊಡವೆಗೆ ಇಲ್ಲಿ ಹೋಗಿಲ್ಲ.

ಹಂತ 1: ನಿಮಗೆ ತೆರಿಗೆ ಬೀಳುತ್ತದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ

ತೆರಿಗೆಯೇ ಇಲ್ಲದವರಿಗೆ ತೆರಿಗೆ ವಿನಾಯಿತಿಯಿಂದ ಆಗುವ ಲಾಭವೇನೂ ಇಲ್ಲ. ಇದು ಎಲ್ಲರಿಗೂ ಗೊತ್ತಿರುವ ಮಾತಾದರೂ, ನನ್ನನ್ನು ಕೇಳುವವರಲ್ಲಿ ಅನೇಕರು ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ.

ಈಗ ಎರಡು ಪದ್ಧತಿಗಳಿವೆ. ಹೊಸ ಪದ್ಧತಿಯಲ್ಲಿ ದರ ಕಡಿಮೆ, ಕಡಿತಗಳೂ ಕಡಿಮೆ. ಒಟ್ಟು ತೆರಿಗೆಯೋಗ್ಯ ಆದಾಯ 12 ಲಕ್ಷ ರೂಪಾಯಿ ಮೀರದಿದ್ದರೆ ರಿಬೇಟ್ ಸಿಕ್ಕಿ, ಅಂದರೆ ಲೆಕ್ಕಕ್ಕೆ ಬಂದ ತೆರಿಗೆಯೇ ಮನ್ನಾ ಆಗಿ, ಕಟ್ಟಬೇಕಾದ್ದು ಸೊನ್ನೆಯಾಗುತ್ತದೆ. ಸಂಬಳದಾರರಿಗೆ 75,000 ರೂಪಾಯಿ ಪ್ರಮಾಣಿತ ಕಡಿತವೂ ಇರುವುದರಿಂದ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆ ಬೀಳುವುದಿಲ್ಲ. ಹಳೆಯ ಪದ್ಧತಿಯಲ್ಲಿ ಗೃಹಸಾಲದ ಅಸಲು, ವಿಮೆ, ಮನೆಬಾಡಿಗೆ ಭತ್ಯೆ ಮುಂತಾದ ಕಡಿತಗಳಿವೆ, ದರ ಮಾತ್ರ ಹೆಚ್ಚು. ನೀವಾಗಿ ಹಳೆಯದನ್ನು ಆರಿಸಿಕೊಳ್ಳದಿದ್ದರೆ ಹೊಸದೇ ಅನ್ವಯಿಸುತ್ತದೆ. ಸಂಬಳದಾರರು ಪ್ರತಿ ವರ್ಷ ರಿಟರ್ನ್ ಸಲ್ಲಿಸುವಾಗ ಬೇಕಾದ್ದನ್ನು ಆರಿಸಬಹುದು. ವ್ಯಾಪಾರ ಅಥವಾ ವೃತ್ತಿಯ ಆದಾಯವಿರುವವರಿಗೆ ಹೀಗೆ ವರ್ಷವರ್ಷ ಬದಲಿಸುವ ಸ್ವಾತಂತ್ರ್ಯವಿಲ್ಲ.

ಇನ್ನು ನಮ್ಮ ಜಿಲ್ಲೆಯ ವಿಶೇಷ ಒಂದಿದೆ. ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರು, ಇಂಡಿ ಭಾಗದ ನಿಂಬೆ ಬೆಳೆಗಾರರು ಒಂದೆರಡು ಒಳ್ಳೆಯ ಹಂಗಾಮಿನ ಹಣವನ್ನು ಪಟ್ಟಣದ ಮನೆಗೆ ಹಾಕುವುದು ಸಾಮಾನ್ಯ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಕೃಷಿಯೇತರ ಆದಾಯವು ಹೊಸ ಪದ್ಧತಿಯ ಮೂಲ ಮಿತಿಯಾದ 4 ಲಕ್ಷ ರೂಪಾಯಿಯನ್ನು ದಾಟಿದರೆ ಮಾತ್ರ, ಅದಕ್ಕೆ ಯಾವ ದರ ಎಂದು ನಿರ್ಧರಿಸುವಾಗ ಕೃಷಿ ಆದಾಯವನ್ನೂ ಕೂಡಿಸಿ ನೋಡುತ್ತಾರೆ. ಒಂದು ಮನೆಯ ಬಾಡಿಗೆಯನ್ನು ಬಿಟ್ಟು ಬೇರೆ ಆದಾಯವಿಲ್ಲದ ರೈತನಿಗೆ ಈ ಮಿತಿ ದಾಟುವ ಪ್ರಸಂಗ ಬರುವುದು ಅಪರೂಪ. ಹಾಗಾಗಿ "ತೆರಿಗೆ ಉಳಿಸಲು ಸಾಲ ಮಾಡಿ" ಎಂಬ ಸಲಹೆ ಅವನಿಗೆ ಬಡ್ಡಿಯ ಹೊರೆಯನ್ನಷ್ಟೇ ತರುತ್ತದೆ. ಅವನು ಜೋಪಾನ ಮಾಡಬೇಕಾದದ್ದು ಬೇರೆಯೇ ಇದೆ: ಮಾಲು ಮಾರಿದ ಪಟ್ಟಿಗಳು ಮತ್ತು ಬ್ಯಾಂಕ್ ಜಮೆಯ ದಾಖಲೆ. ಮನೆ ಕೊಂಡ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆ ಬಂದಾಗ ಇವೇ ಉತ್ತರ ಕೊಡಬೇಕು.

ಹಂತ 2: ಮನೆಯ ನಿಜವಾದ ಬೆಲೆ ಮತ್ತು ನಿಜವಾದ ಹುಟ್ಟುವಳಿ

ಒಂದು ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. 50 ಲಕ್ಷ ರೂಪಾಯಿಯ ಎರಡು ಮಹಡಿಯ ಮನೆ, ಕೆಳಗಿನ ಬಾಡಿಗೆ 8,000, ಮೇಲಿನದು 7,000. ವರ್ಷಕ್ಕೆ 1,80,000 ರೂಪಾಯಿ.

ಕರ್ನಾಟಕದ ನಗರ ಪ್ರದೇಶದಲ್ಲಿ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿತು. ಎರಡೂ ಕೂಡಿ ಶೇ 7.6, ಅಂದರೆ 50 ಲಕ್ಷಕ್ಕೆ 3,80,000 ರೂಪಾಯಿ. ಹೀಗೆ ನಿಮ್ಮ ಕೈಯಿಂದ ಹೋದದ್ದು 53.8 ಲಕ್ಷ, ಅದರ ಮೇಲೆ 1.8 ಲಕ್ಷದ ಬಾಡಿಗೆಯೆಂದರೆ ವರ್ಷಕ್ಕೆ ಶೇ 3.3ರಷ್ಟು. ಇದರಲ್ಲಿ ಆಸ್ತಿ ತೆರಿಗೆ, ಸುಣ್ಣಬಣ್ಣ, ಬೋರ್‌ವೆಲ್ ಮೋಟರು ಸುಟ್ಟಾಗಿನ ಖರ್ಚು, ಮನೆ ಖಾಲಿ ಬಿದ್ದ ತಿಂಗಳುಗಳು ಇವು ಯಾವುವನ್ನೂ ಇನ್ನೂ ಕಳೆದಿಲ್ಲ. ಬಾಡಿಗೆಯಷ್ಟನ್ನೇ ನಂಬಿದರೆ ಬ್ಯಾಂಕಿನ ಮುದ್ದತಿ ಠೇವಣಿಯೇ ಇದಕ್ಕಿಂತ ಹೆಚ್ಚು ಕೊಡುತ್ತದೆ ಎಂಬುದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಜಾಗದ ಬೆಲೆ ಏರುತ್ತದೆ ಎಂಬ ನಂಬಿಕೆಯಿಂದ ನೀವು ಕೊಳ್ಳುತ್ತಿದ್ದರೆ ಅದು ಸರಿ, ಆದರೆ ಅದು ನಂಬಿಕೆ ಎಂಬುದು ನೆನಪಿರಲಿ.

ಖರೀದಿಯಲ್ಲಿ ಎರಡು ಎಚ್ಚರಿಕೆಗಳು. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಮಾರುವವರಿಗೆ ಕೊಡುವ ಹಣದಲ್ಲಿ ಶೇ 1ನ್ನು ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದು. ನಮ್ಮ ಉದಾಹರಣೆಯ ಮನೆಗೂ ಇದು ಅನ್ವಯಿಸುತ್ತದೆ: 50,000 ರೂಪಾಯಿ. ಎರಡನೆಯದು, ಖರೀದಿ ಪತ್ರದಲ್ಲಿ ಬೆಲೆ ಕಡಿಮೆ ತೋರಿಸಿ ಉಳಿದದ್ದನ್ನು ನಗದಾಗಿ ಕೊಡುವ ಹಳೆಯ ಚಾಳಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆದರೆ, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಪತ್ರದ ಬೆಲೆಯು ಸರ್ಕಾರದ ಮಾರ್ಗಸೂಚಿ ಬೆಲೆಗಿಂತ ಶೇ 10ಕ್ಕೂ ಮಿಕ್ಕಿ ಕಡಿಮೆಯಿದ್ದು, ಆ ವ್ಯತ್ಯಾಸ 50,000 ರೂಪಾಯಿ ದಾಟಿದರೆ, ವ್ಯತ್ಯಾಸವೇ ಕೊಂಡವರ ಆದಾಯವಾಗಿ ತೆರಿಗೆಗೆ ಒಳಪಡುತ್ತದೆ. ಮುಂದೆ ಮಾರುವಾಗಲೂ ಪತ್ರದಲ್ಲಿರುವ ಕಡಿಮೆ ಬೆಲೆಯೇ ನಿಮ್ಮ ಖರೀದಿ ಬೆಲೆ ಎಂದು ಎಣಿಸಲ್ಪಟ್ಟು ಲಾಭ ದೊಡ್ಡದಾಗಿ ಕಾಣುತ್ತದೆ. ಇಂದು ಉಳಿಸಿದ ಮುದ್ರಾಂಕ ಶುಲ್ಕ ಅಂದು ಬಡ್ಡಿ ಸಮೇತ ಹೊರಗೆ ಬರುತ್ತದೆ.

ಹಂತ 3: ಕಾಗದಪತ್ರ

ನಗರ ಮಿತಿಯ ಆಸ್ತಿಗೆ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ. ಜೊತೆಗೆ ನಮ್ಮ ಭಾಗದಲ್ಲಿ ಕೇಳಲೇಬೇಕಾದದ್ದು ಸಿಟಿಎಸ್ ಉತಾರ, ಅಂದರೆ ನಗರ ಮೋಜಣಿ ಕಚೇರಿಯ ದಾಖಲೆಯ ನಕಲು. ಅದರಲ್ಲಿರುವ ಹೆಸರು, ಅಳತೆ, ಚಕ್ಕುಬಂದಿ ಖರೀದಿ ಪತ್ರಕ್ಕೆ ಹೊಂದಬೇಕು. ಋಣಭಾರ ಪ್ರಮಾಣಪತ್ರವನ್ನು, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಸಾಲ ಮತ್ತು ಪರಭಾರೆಗಳ ಪಟ್ಟಿಯನ್ನು, 30 ವರ್ಷಗಳಿಗೆ ತೆಗೆಸಿ. ಊರಾಚೆಯ ಪ್ಲಾಟಾದರೆ ಎನ್‌ಎ ಆದೇಶ, ಅಂದರೆ ಕೃಷಿಯೇತರ ಬಳಕೆಯ ಅನುಮತಿ, ಮತ್ತು ಬಡಾವಣೆಯ ಅನುಮೋದಿತ ನಕ್ಷೆ ಬೇಕು. ಗುಂಠೆ ಲೆಕ್ಕದಲ್ಲಿ ಹೊಲವನ್ನೇ ಹರಿದು ಮಾರಿದ ಜಾಗದ ಮೇಲೆ ಕಟ್ಟಿದ ಮನೆಗೆ ಬಾಡಿಗೆ ಬರಬಹುದು, ಬ್ಯಾಂಕ್ ಸಾಲ ಸಿಗುವುದು ಕಷ್ಟ.

ವಿಜಯಪುರದಲ್ಲಿ ಕೊಳ್ಳುವವರು ತಪ್ಪದೆ ನೋಡಬೇಕಾದ ಇನ್ನೊಂದು ಸಂಗತಿಯಿದೆ. ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರ್‌ನಲ್ಲಿ ಕಟ್ಟಲು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಒಪ್ಪಿಗೆ ಬೇಕು. 2010ರ ಕಾಯ್ದೆ ತಿದ್ದುಪಡಿಯಿಂದ ಇದು ಹೀಗಿದೆ. ಗೋಳಗುಮ್ಮಟ, ಇಬ್ರಾಹಿಂ ರೋಜಾಗಳಂಥವು ಕಣ್ಣಿಗೆ ಕಾಣುತ್ತವೆ. ಓಣಿಯ ನಡುವೆ ಬೇವಿನ ಗಿಡದ ಮರೆಯಲ್ಲಿ ನೀಲಿ ಫಲಕ ಹೊತ್ತು ನಿಂತ ಸಣ್ಣ ಗುಮ್ಮಟವೂ ಸಂರಕ್ಷಿತವಾಗಿರಬಹುದು. "ಈಗ ಒಂದಂತಸ್ತು ತಗೋರಿ, ನಾಳೆ ಮ್ಯಾಲ ಎರಡು ಏರಸ್ರಿ" ಎಂದು ಹೇಳಿ ಮಾರುವ ಮನೆಯಲ್ಲಿ ಆ ಎರಡು ಅಂತಸ್ತು ಏರುವ ಹಾಗಿದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಬರಹದಲ್ಲಿ ತಿಳಿದುಕೊಳ್ಳಿ. ಪಕ್ಕದ ಬಾಗಲಕೋಟೆಯಲ್ಲಿ ಕೊಳ್ಳುವವರಾದರೆ ಜಾಗ ಆಲಮಟ್ಟಿ ಹಿನ್ನೀರಿನ ಭೂಸ್ವಾಧೀನದಲ್ಲಿ ಬಂದಿದೆಯೇ ಎಂದು ಹೀಗೆಯೇ ವಿಚಾರಿಸಬೇಕು.

ಹಂತ 4: ಬಾಡಿಗೆದಾರರೊಡನೆ ಕರಾರು

ಕರಾರು ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. 11 ತಿಂಗಳ ಕರಾರುಗಳು ಹುಟ್ಟಿದ್ದೇ ಈ ಕಾರಣದಿಂದ. ಬಾಡಿಗೆಯನ್ನೂ ಡಿಪಾಸಿಟ್ಟನ್ನೂ ಬ್ಯಾಂಕಿನ ಮೂಲಕವೇ ಪಡೆಯಿರಿ. ಮರಳಿಸಬೇಕಾದ ಡಿಪಾಸಿಟ್ಟು ನಿಮ್ಮ ಆದಾಯವಲ್ಲ.

ದೊಡ್ಡ ಮೊತ್ತ ಪಡೆದು, ತಿಂಗಳ ಬಾಡಿಗೆ ಇಲ್ಲದೆ ಭೋಗ್ಯಕ್ಕೆ ಕೊಟ್ಟರೆ ತೆರಿಗೆ ಬರುವುದಿಲ್ಲ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಅಂಥ ಮನೆಗೆ ಸಹಜವಾಗಿ ಬರಬಹುದಾದ ಬಾಡಿಗೆಯನ್ನು ಅಂದಾಜಿಸಿ, ಅದನ್ನೇ ವಾರ್ಷಿಕ ಮೌಲ್ಯವೆಂದು ಹಿಡಿಯಲು ಕಾಯ್ದೆಯಲ್ಲಿ ಅವಕಾಶವಿದೆ.

ಪ್ರತಿ ಸಂಸಾರಕ್ಕೂ ಬೇರೆ ಹೆಸ್ಕಾಂ ಮೀಟರು ಹಾಕಿಸಿಕೊಡಿ. ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಸಿಗುತ್ತದೆ, ಅದಕ್ಕೆ ಅವರ ಆಧಾರ್ ಸಂಖ್ಯೆಯನ್ನು ಮೀಟರಿನ ಆರ್‌ಆರ್ ಸಂಖ್ಯೆಗೆ ಜೋಡಿಸಬೇಕು. ಒಂದೇ ಮೀಟರಿನಲ್ಲಿ ಎರಡು ಸಂಸಾರವಿದ್ದರೆ ಬಳಕೆ 200 ಯೂನಿಟ್ ದಾಟಿ ಬಿಲ್ಲಿನ ಜಗಳ ನಿಮ್ಮ ಬಾಗಿಲಿಗೆ ಬರುತ್ತದೆ. ಮನೆ ಬಿಡುವ ದಿನ ಬಾಕಿ ಬಿಲ್ಲು ನೋಡದೆ ಡಿಪಾಸಿಟ್ಟು ಮರಳಿಸಬೇಡಿ. ನನ್ನದೇ ಮನೆಯಲ್ಲಿ ಒಮ್ಮೆ ಹಾಗೆ ಮಾಡಿ, ನಾಲ್ಕು ತಿಂಗಳ ಬಾಕಿಯನ್ನು ನಾನೇ ಕಟ್ಟಿದ್ದೇನೆ.

ಹಂತ 5: ತೆರಿಗೆಯ ಲೆಕ್ಕ

ಇಡೀ ವಿಷಯದ ತಿರುಳು ಇಲ್ಲಿದೆ, ಆದ್ದರಿಂದ ನಿಧಾನವಾಗಿ ನೋಡೋಣ.

ವರ್ಷದ ಬಾಡಿಗೆ 1,80,000. ಇದರಲ್ಲಿ ಆ ವರ್ಷ ನೀವೇ ಕಟ್ಟಿದ ಪಾಲಿಕೆಯ ಆಸ್ತಿ ತೆರಿಗೆಯನ್ನು ಕಳೆಯಿರಿ. 6,000 ಎಂದು ಹಿಡಿದರೆ ಉಳಿದದ್ದು 1,74,000. ಇದಕ್ಕೆ ನಿವ್ವಳ ವಾರ್ಷಿಕ ಮೌಲ್ಯ ಎನ್ನುತ್ತಾರೆ. ಇದರ ಶೇ 30, ಅಂದರೆ 52,200 ರೂಪಾಯಿ, ದುರಸ್ತಿ ನಿರ್ವಹಣೆಗಳಿಗೆಂದು ಕಡಿತವಾಗುತ್ತದೆ. ಯಾವ ಪಾವತಿಯೂ, ಅಂದರೆ ರಸೀದಿಯೂ, ಬೇಡ, ನೀವು ಒಂದು ರೂಪಾಯಿ ಖರ್ಚು ಮಾಡದಿದ್ದರೂ ಈ ಕಡಿತ ಸಿಗುತ್ತದೆ. ಎರಡು ಲಕ್ಷ ಖರ್ಚು ಮಾಡಿದ್ದರೂ ಸಿಗುವುದು ಅಷ್ಟೇ. ಉಳಿಯುವ 1,21,800 ರೂಪಾಯಿಯಲ್ಲಿ ಸಾಲದ ಬಡ್ಡಿಯನ್ನು ಕಳೆಯಬೇಕು. ಸಾಲವಿಲ್ಲದಿದ್ದರೆ ಇದೇ ನಿಮ್ಮ ತೆರಿಗೆಯೋಗ್ಯ ಆದಾಯ.

ಈ ಶೇ 30ರ ಕಡಿತ ಎರಡೂ ಪದ್ಧತಿಗಳಲ್ಲಿದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಬಾಡಿಗೆ ಮನೆಯ ಅತ್ಯಂತ ಗಟ್ಟಿಯಾದ ತೆರಿಗೆ ಲಾಭ ಇದೇ. ಶೇ 20ರ ದರ ಬೀಳುವ ಒಬ್ಬರಿಗೆ ಠೇವಣಿಯಿಂದ 1,80,000 ರೂಪಾಯಿ ಬಡ್ಡಿ ಬಂದರೆ, ಸೆಸ್ ಸೇರಿ 37,440 ರೂಪಾಯಿ ತೆರಿಗೆ. ಅಷ್ಟೇ ಬಾಡಿಗೆ ಬಂದರೆ 25,334 ರೂಪಾಯಿ. ಸಾಲದ ಬಡ್ಡಿಯ ಕಡೆಗೇ ಕಣ್ಣಿಟ್ಟವರು ಈ 12,000 ರೂಪಾಯಿಯನ್ನು ಗಮನಿಸುವುದೇ ಇಲ್ಲ. ಆದರೆ ಖುಲ್ಲಾ ಜಾಗವನ್ನು ಬಾಡಿಗೆಗೆ ಕೊಟ್ಟರೆ ಈ ಕಡಿತವಿಲ್ಲ, ಅದು ಕಟ್ಟಡದ ಬಾಡಿಗೆಗೆ ಮಾತ್ರ.

ಈಗ ಸಾಲದ ಕಡೆಗೆ ಬರೋಣ. ಬಾಡಿಗೆಗೆ ಕೊಟ್ಟ ಮನೆಯ ಸಾಲದ ಬಡ್ಡಿಯನ್ನು ಕಳೆಯಲು ಮಿತಿಯಿಲ್ಲ. ಜನ ಹೇಳುವ 2 ಲಕ್ಷದ ಮಿತಿ ಸ್ವಂತ ವಾಸದ ಮನೆಯ ಬಡ್ಡಿಗೆ, ಅದೂ ಹಳೆಯ ಪದ್ಧತಿಯಲ್ಲಿ ಮಾತ್ರ. ಮನೆ ಕಟ್ಟುತ್ತಿದ್ದಾಗ ತುಂಬಿದ ಬಡ್ಡಿಯನ್ನು, ಕಟ್ಟಡ ಮುಗಿದ ವರ್ಷದಿಂದ ಐದು ಸಮಾನ ಕಂತುಗಳಲ್ಲಿ ಕಳೆಯಬಹುದು. ಬಂಧುಗಳಿಂದ ಪಡೆದ ಕೈಸಾಲದ ಬಡ್ಡಿಗೂ ಕಡಿತವಿದೆ, ಆದರೆ ಸಾಲ ಬಂದದ್ದಕ್ಕೂ ಬಡ್ಡಿ ಹೋದದ್ದಕ್ಕೂ ಬ್ಯಾಂಕಿನ ದಾಖಲೆಯಿರಬೇಕು, ಸಾಲ ಕೊಟ್ಟವರು ಆ ಬಡ್ಡಿಯನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. ಸಾಲದ ಅಸಲಿನ ಕಂತು, ಮುದ್ರಾಂಕ ಮತ್ತು ನೋಂದಣಿ ಶುಲ್ಕಗಳಿಗೆ ಸಿಗುವ 1.5 ಲಕ್ಷದವರೆಗಿನ ಕಡಿತ ಹಳೆಯ ಪದ್ಧತಿಗೆ ಸೀಮಿತ. ಸ್ವಾಧೀನ ಪಡೆದ ಹಣಕಾಸು ವರ್ಷ ಮುಗಿದು ಐದು ವರ್ಷವಾಗುವ ಮೊದಲೇ ಮನೆ ಮಾರಿದರೆ, ಅಸಲಿನ ಮೇಲೆ ಪಡೆದ ಕಡಿತವೆಲ್ಲ ಮರಳಿ ಆದಾಯವಾಗುತ್ತದೆ.

ಬಾಡಿಗೆದಾರ ಬಾಡಿಗೆ ಕೊಡದೆ ಓಡಿಹೋದರೆ, ಆತ ಮನೆ ಖಾಲಿ ಮಾಡಿದ್ದು ಮತ್ತು ವಸೂಲಿಗೆ ನೀವು ಯತ್ನಿಸಿದ್ದು ತೋರಿಸಿ ಆ ಬಾಡಿಗೆಯನ್ನು ಕಳೆಯಬಹುದು. ಮುಂದೆಂದಾದರೂ ಅದು ಕೈಗೆ ಬಂದರೆ, ಬಂದ ವರ್ಷ ಶೇ 30 ಕಳೆದು ತೆರಿಗೆ ಕಟ್ಟಬೇಕು. ಗಿರಾಕಿ ಸಿಗದೆ ಮನೆ ಕೆಲವು ತಿಂಗಳು ಖಾಲಿ ಉಳಿದಿದ್ದರೆ ಬಂದಷ್ಟು ಬಾಡಿಗೆಯನ್ನೇ ಲೆಕ್ಕಕ್ಕೆ ಹಿಡಿದರೆ ಸಾಕು.

ಹಂತ 6: ನಷ್ಟ ಬಂದರೆ ಏನಾಗುತ್ತದೆ

ಅದೇ ಮನೆಗೆ 30 ಲಕ್ಷ ಸಾಲ, ಶೇ 8.5ರ ಬಡ್ಡಿ, 20 ವರ್ಷ ಎಂದುಕೊಳ್ಳಿ. ತಿಂಗಳ ಕಂತು ಸುಮಾರು 26,035, ಮೊದಲ ವರ್ಷದ ಬಡ್ಡಿ ಸುಮಾರು 2,52,700. ಮೇಲಿನ 1,21,800ರಲ್ಲಿ ಇದನ್ನು ಕಳೆದರೆ 1,30,900 ರೂಪಾಯಿ ನಷ್ಟ.

ಹಳೆಯ ಪದ್ಧತಿಯಲ್ಲಿ ಈ ನಷ್ಟವನ್ನು ಸಂಬಳದ ಆದಾಯದಲ್ಲಿ ವಜಾ ಮಾಡಬಹುದು. 2017-18ರಿಂದ ಇದಕ್ಕೆ ವರ್ಷಕ್ಕೆ 2 ಲಕ್ಷದ ಮಿತಿ ಬಂದಿದೆ. ಮಿಕ್ಕದ್ದನ್ನು ಮುಂದಿನ ಎಂಟು ವರ್ಷ ಮನೆಯ ಆದಾಯದೊಡನೆ ಮಾತ್ರ ಹೊಂದಿಸಬಹುದು. ಶೇ 20ರ ದರದವರಿಗೆ ಇಲ್ಲಿ ಉಳಿಯುವುದು ಸುಮಾರು 27,200 ರೂಪಾಯಿ. ಹೊಸ ಪದ್ಧತಿಯಲ್ಲಿ ಬಾಡಿಗೆಯ ಆದಾಯ ಸೊನ್ನೆಯಾಗುವವರೆಗೆ ಬಡ್ಡಿ ಕಳೆಯಬಹುದು, ಮಿಕ್ಕ ನಷ್ಟ ಸಂಬಳವನ್ನು ಮುಟ್ಟುವಂತಿಲ್ಲ.

ಈಗ ಜೇಬಿನ ಲೆಕ್ಕ ನೋಡಿ. ಬಾಡಿಗೆ 1,80,000ರಲ್ಲಿ ಆಸ್ತಿ ತೆರಿಗೆ 6,000, ದುರಸ್ತಿ 15,000 ಹೋದರೆ 1,59,000. ವರ್ಷದ ಕಂತು 3,12,420. ಅಂದರೆ ವರ್ಷಕ್ಕೆ 1,53,420 ರೂಪಾಯಿ ನಿಮ್ಮ ಸಂಬಳದಿಂದ ಹೋಗುತ್ತದೆ. ಅದರಲ್ಲಿ ಸುಮಾರು 59,700 ಅಸಲಿಗೆ ಜಮೆಯಾಗುವುದು ನಿಜ. ಉಳಿದ 93,000ಕ್ಕೂ ಹೆಚ್ಚಿನ ಮೊತ್ತ ಹೋದದ್ದು ಹೋದಂತೆಯೇ, 27,200 ಉಳಿಸಲು.

ಹಾಗಾದರೆ ಸಾಲದ ಬಡ್ಡಿ ಯಾರಿಗೂ ಉಪಯೋಗವಿಲ್ಲವೇ? ಇದೆ, ಗೆರೆಯ ಮೇಲೆ ನಿಂತವರಿಗೆ. 12 ಲಕ್ಷ ಸಂಬಳದ ಶಿಕ್ಷಕರೊಬ್ಬರು ಹೊಸ ಪದ್ಧತಿಯಲ್ಲಿ ತೆರಿಗೆ ಕಟ್ಟುವುದಿಲ್ಲ. 75,000ದ ಪ್ರಮಾಣಿತ ಕಡಿತ ಕಳೆದು ಉಳಿದ 11,25,000ಕ್ಕೆ ಸಾಲವಿಲ್ಲದ ಮನೆಯ 1,21,800 ಸೇರಿದಾಗ ಆದಾಯ 12,46,800 ಆಗಿ 12 ಲಕ್ಷದ ಗೆರೆ ದಾಟುತ್ತದೆ. ಗೆರೆಯ ಮೇಲೆ ಹೋದ ಮೊತ್ತಕ್ಕಿಂತ ತೆರಿಗೆ ಹೆಚ್ಚಬಾರದು ಎಂಬ ರಿಯಾಯಿತಿ ಇದ್ದರೂ, ಸೆಸ್ ಸೇರಿ 48,672 ರೂಪಾಯಿ ಕಟ್ಟಬೇಕಾಗುತ್ತದೆ. ಮೂರು ತಿಂಗಳ ಬಾಡಿಗೆ ಹಾಗೆಯೇ ಹೋಯಿತು. ಇಂಥವರಿಗೆ ಸಣ್ಣ ಸಾಲದ ಬಡ್ಡಿ ನಿಜಕ್ಕೂ ಅನುಕೂಲ.

ಮನೆಯನ್ನು ಗಂಡಹೆಂಡತಿ ಇಬ್ಬರ ಹೆಸರಿಗೆ ಮಾಡುವುದು ಇನ್ನೊಂದು ದಾರಿ, ಏಕೆಂದರೆ ಬಾಡಿಗೆ ಇಬ್ಬರ ಪಾಲಿಗೂ ಹಂಚಿಹೋಗುತ್ತದೆ. ಇಲ್ಲಿ ಎಡವುವವರೇ ಹೆಚ್ಚು. ಹೆಂಡತಿಯ ಪಾಲಿನ ಹಣ ಅವರದೇ ಆಗಿರಬೇಕು: ಅವರ ಸಂಬಳ, ತವರಿನಿಂದ ಬಂದದ್ದು, ಅವರ ಹೆಸರಿನ ಸಾಲ, ಯಾವುದಾದರೂ ಸರಿ. ಗಂಡನ ಹಣದಿಂದಲೇ ಕೊಂಡು ಹೆಸರು ಮಾತ್ರ ಸೇರಿಸಿದ್ದರೆ ಬಾಡಿಗೆಯೆಲ್ಲ ಗಂಡನ ಆದಾಯಕ್ಕೇ ಸೇರುತ್ತದೆ. ಯಾರ ಪಾಲು ಎಷ್ಟು ಎಂಬುದನ್ನು ಖರೀದಿ ಪತ್ರದಲ್ಲೇ ಬರೆಸಿ.

ಹಂತ 7: ಬಾಡಿಗೆ ಮುಚ್ಚಿಡುವ ಯೋಚನೆ ಬೇಡ

ನಿಮ್ಮ ಬಾಡಿಗೆದಾರರು ಹಳೆಯ ಪದ್ಧತಿಯಲ್ಲಿ ಮನೆಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುತ್ತಿದ್ದು, ವರ್ಷದ ಬಾಡಿಗೆ 1 ಲಕ್ಷ ದಾಟಿದರೆ, ಮಾಲೀಕರ ಪ್ಯಾನ್ ಸಂಖ್ಯೆ ಕೊಡಲೇಬೇಕು. ಅಲ್ಲಿ ನಿಮ್ಮ ಸಂಖ್ಯೆ ದಾಖಲಾಗಿ, ಇಲ್ಲಿ ನಿಮ್ಮ ರಿಟರ್ನಿನಲ್ಲಿ ಬಾಡಿಗೆ ಕಾಣದಿದ್ದರೆ ನೋಟಿಸು ಬರಲು ಅಷ್ಟೇ ಸಾಕು. ಅಂಗಡಿಯನ್ನೋ ಕಚೇರಿಗೆ ಜಾಗವನ್ನೋ ಕಂಪನಿಗಳಿಗೆ ಕೊಟ್ಟು ಬಾಡಿಗೆ ತಿಂಗಳಿಗೆ 50,000 ಮೀರಿದರೆ ಅವರು ಶೇ 10 ಮುರಿದುಕೊಂಡು ಕೊಡುತ್ತಾರೆ. ಆ ಮೊತ್ತ ನಿಮ್ಮ ಹೆಸರಿಗೆ ಜಮೆಯಾಗಿದೆಯೇ ಎಂದು ರಿಟರ್ನ್ ಸಲ್ಲಿಸುವ ಮೊದಲು ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ನೋಡಿಕೊಳ್ಳಿ. ಪಾಲಿಕೆಯ ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5ರ ರಿಯಾಯಿತಿ ಸಿಗುತ್ತದೆ.

ಹಂತ 8: ಮಾರುವಾಗ

24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ಮನೆಯ ಲಾಭ ದೀರ್ಘಾವಧಿಯದು. 2024ರ ಜುಲೈ 23ರಿಂದ ಅದರ ಮೇಲಿನ ತೆರಿಗೆ ಶೇ 12.5, ಹಣದುಬ್ಬರಕ್ಕೆ ತಕ್ಕಂತೆ ಖರೀದಿ ಬೆಲೆಯನ್ನು ಏರಿಸಿಕೊಳ್ಳುವ ಸೌಲಭ್ಯ ಇಲ್ಲ. ಆ ದಿನಕ್ಕಿಂತ ಮೊದಲು ಕೊಂಡ ಮನೆಯಾದರೆ, ಬೆಲೆ ಏರಿಸಿಕೊಂಡು ಶೇ 20ರಂತೆ ಲೆಕ್ಕ ಹಾಕಿ, ಎರಡರಲ್ಲಿ ಕಡಿಮೆ ಇರುವುದನ್ನು ಕಟ್ಟಬಹುದು. 12 ಲಕ್ಷದವರೆಗಿನ ರಿಬೇಟ್ ಈ ಲಾಭದ ತೆರಿಗೆಗೆ ಸಿಗುವುದಿಲ್ಲ. ವರ್ಷವರ್ಷವೂ ಕಳೆದುಕೊಂಡ ಸಾಲದ ಬಡ್ಡಿಯನ್ನು ಖರೀದಿ ವೆಚ್ಚಕ್ಕೆ ಮತ್ತೆ ಸೇರಿಸುವಂತಿಲ್ಲ. ಆದರೆ ಮೇಲೊಂದು ಅಂತಸ್ತು ಏರಿಸಿದ್ದರೆ ಅದರ ವೆಚ್ಚವನ್ನು ಸೇರಿಸಬಹುದು. ಸಿಮೆಂಟು, ಕಬ್ಬಿಣದ ಪಾವತಿಗಳು, ಗೌಂಡಿಗೆ ಕೊಟ್ಟ ಹಣದ ಬ್ಯಾಂಕ್ ದಾಖಲೆ ಎಲ್ಲವನ್ನೂ ಒಂದು ಫೈಲಿನಲ್ಲಿ ಇಟ್ಟುಕೊಂಡಿರಿ.

ಲಾಭವನ್ನು ಇನ್ನೊಂದು ಮನೆಗೆ ಹಾಕಿದರೆ ತೆರಿಗೆ ತಪ್ಪುತ್ತದೆ: ಮಾರುವ ಒಂದು ವರ್ಷ ಮೊದಲು ಅಥವಾ ಮಾರಿದ ಎರಡು ವರ್ಷದೊಳಗೆ ಖರೀದಿ, ಇಲ್ಲವೇ ಮೂರು ವರ್ಷದೊಳಗೆ ಕಟ್ಟಡ. ಮನೆ ಬೇಡವೆಂದರೆ ಆರು ತಿಂಗಳೊಳಗೆ ನಿಗದಿತ ಸರ್ಕಾರಿ ಸಂಸ್ಥೆಗಳ ಬಾಂಡುಗಳಲ್ಲಿ 50 ಲಕ್ಷದವರೆಗೆ ಹೂಡಬಹುದು, ಆ ಹಣ ಐದು ವರ್ಷ ಕೈಗೆ ಸಿಗದು. ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಹೊಸ ಮನೆ ಗೊತ್ತಾಗದಿದ್ದರೆ, ಲಾಭದ ಹಣವನ್ನು ಉಳಿತಾಯ ಖಾತೆಯಲ್ಲಿ ಬಿಡದೆ ಬಂಡವಾಳ ಲಾಭ ಖಾತೆ ಎಂಬ ಪ್ರತ್ಯೇಕ ಖಾತೆಗೆ ಹಾಕಲೇಬೇಕು. ಹಳ್ಳಿಯ ಶಾಖೆಗಳಲ್ಲಿ ಈ ಖಾತೆ ತೆರೆಯುವುದಿಲ್ಲ. ಗಡುವಿನ ಹಿಂದಿನ ದಿನ ಊರ ಬ್ಯಾಂಕಿಗೆ ಹೋಗಿ ಪೆಚ್ಚಾಗುವ ಬದಲು ಒಂದು ತಿಂಗಳು ಮೊದಲೇ ವಿಜಯಪುರದ ದೊಡ್ಡ ಶಾಖೆಯೊಂದರಲ್ಲಿ ವಿಚಾರಿಸಿಟ್ಟುಕೊಳ್ಳಿ.